ನನ್ನದೊಂದು, ಅದರದ್ದು ಎರಡು

ಪುತ್ತೂರು
6–7–1958

ಪ್ರೀತಿಯ ಅಜ್ಜಿಗೆ ಕುಮುದಿನಿಯ ನಮಸ್ಕಾರ.

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ನಾನು ಬರೆದರೆ ನೀವು ಅದನ್ನು ಹಿಡಿದುಕೊಂಡು ತೀರ್ಥರಾಮ ಮಾಸ್ತರರ ಮನೆವರೆಗೆ ನಡೆಯಬೇಕು, ಅವರು ಕನ್ನಡಕ ಹುಡುಕಬೇಕು, ಜಗಲಿಯಲ್ಲಿ ಕೂತವರೆಲ್ಲ ಕೇಳುವ ಹಾಗೆ ಓದಬೇಕು. ಇಷ್ಟು ಜನರಿಗೆ ತೊಂದರೆ ಕೊಡುವಂಥ ವಿಷಯ ನನ್ನ ಹತ್ತಿರ ಉಂಟಾ ಎಂದು ಮೂರು ದಿವಸ ಯೋಚಿಸಿದೆ. ಸಾಲದ್ದಕ್ಕೆ ಆರನೇ ವಯಸ್ಸಿನಿಂದ ಮಂಗಳೂರಿನ ಹಾಸ್ಟೆಲಿನಲ್ಲಿ ಬೆಳೆದವಳ ಕನ್ನಡ, ಅರ್ಧ ಇಂಗ್ಲಿಷು. ತಪ್ಪಿದ್ದಲ್ಲಿ ಮಾಸ್ತರರು ತಿದ್ದಿಕೊಂಡು ಓದಲಿ.

ಇಲ್ಲಿ ಹೆರಿಗೆ ತರಬೇತಿಗೆ ಸೇರಿ ಒಂದು ತಿಂಗಳಾಯಿತು. ನಮಗೆ ಕಲಿಸುವವರು ಶೀಲಾವತಿ ಸಿಸ್ಟರ್. ಅವರ ಚಪ್ಪಲಿಯ ಸದ್ದು ಕೇಳಿದರೆ ಕೂತಲ್ಲಿಂದ ಎದ್ದು ನಿಲ್ಲುತ್ತೇನೆ. ಹೋದ ವಾರ ಆಸ್ಪತ್ರೆಗೆ ಅಲ್ಯುಮಿನಿಯಂನ ಹೊಸ ಕೊಳವೆಗಳು ಬಂದವು. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳುವ ಸಾಮಾನು ಅದು. ಮರದ ಹಳೆಯವನ್ನು ಕಪಾಟಿಗೆ ಹಾಕುವಾಗ ನಾನು ಧೈರ್ಯ ಮಾಡಿ, “ಸಿಸ್ಟರ್, ನನ್ನ ಅಜ್ಜಿ ನಲವತ್ತು ವರ್ಷದಿಂದ ಗುತ್ತಿಗಾರಿನಲ್ಲಿ ಹೆರಿಗೆ ಮಾಡಿಸುತ್ತಾರೆ, ಅವರಿಗೆ ಒಂದು ಕಳಿಸಲಾ?” ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕಳಿಸು. ಆದರೆ ಹಳಬರಿಗೆ ಹೊಸ ಸಾಮಾನು ಕಂಡರೆ ಸಿಟ್ಟು, ಬೇಜಾರು ಮಾಡಿಕೊಳ್ಳಬೇಡ” ಎಂದರು.

ಊರಿಂದ ಕುಕ್ಕಪ್ಪಣ್ಣ ಇಲ್ಲಿನ ಸಂತೆಗೆ ಬಂದಿದ್ದರು, ಅವರ ಕೈಯಲ್ಲಿ ಕಳಿಸಿದ್ದೇನೆ. ಅಗಲದ ಬಾಯಿ ಬಸುರಿಯ ಹೊಟ್ಟೆಯ ಮೇಲೆ, ಚಪ್ಪಟೆ ತುದಿ ನಿಮ್ಮ ಕಿವಿಗೆ. ಬಡಿತ ಕೇಳುತ್ತದೆ. ನಿಮಿಷಕ್ಕೆ ನೂರನಲವತ್ತರ ಹತ್ತಿರ ಇದ್ದರೆ ಮಗು ಕ್ಷೇಮ. ತೀರಾ ನಿಧಾನವಾದರೆ ಮಗುವಿಗೆ ಕಷ್ಟ ಎಂದು ಅರ್ಥ. ಬೇರೆ ಎಂತದೂ ಇಲ್ಲ, ಬಹಳ ಸುಲಭ. ನಾನು ದಿನಾ ಕೇಳುತ್ತೇನೆ.

ಸುಂದರಿ ಅತ್ತಿಗೆಗೆ ಆರು ತುಂಬಿತಲ್ಲ, ಮೊದಲು ಅವರದ್ದೇ ಕೇಳಿ ನೋಡಿ.

ನಿಮ್ಮ ಮೊಮ್ಮಗಳು,
ಕುಮುದಿನಿ


ಗುತ್ತಿಗಾರು
19–7–1958

ಚಿ. ಕುಮುದಿನಿಗೆ ಅಜ್ಜಿ ದುಗ್ಗಮ್ಮನ ಆಶೀರ್ವಾದಗಳು. ತರುವಾಯ ಇಲ್ಲಿ ಸರ್ವರೂ ಕ್ಷೇಮ. ಮಳೆ ಜೋರಾಗಿದೆ. ನಿನ್ನ ಅಣ್ಣ ಚನಿಯಪ್ಪ ಕಾಡಿನ ಕೂಪಿನಲ್ಲಿ ಮರ ಕಡಿಯುವ ಕೆಲಸಕ್ಕೆ ಹೋದವನು ತಿಂಗಳಿಗೊಮ್ಮೆ ಬರುತ್ತಾನೆ. ಸುಂದರಿ ಆರೋಗ್ಯದಿಂದಿದ್ದಾಳೆ.

ನೀನು ಕಳುಹಿಸಿದ ಮರದ ಸಾಮಾನು ತಲುಪಿತು. ನೋಡಲು ನಮ್ಮ ಆಲಿಕೆಯ ಹಾಗೆಯೇ ಇದೆ. ಚಿಮಿಣಿ ಎಣ್ಣೆ ಹೊಯ್ಯಲು ಒಳ್ಳೆಯದುಂಟು. ಬೇರೆ ವಿಶೇಷವಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇತಿ ಆಶೀರ್ವಾದಗಳು.

(ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ಪತ್ರ ಮುಗಿಯಿತೇ ಎಂದು ಎರಡು ಸಲ ಕೇಳಿದೆ. ಮುಗಿಯಿತು ಎಂದರು. ನಿನ್ನ ಕನ್ನಡದಲ್ಲಿ ಎರಡೇ ತಪ್ಪಿದ್ದವು. — ತೀರ್ಥರಾಮ)


ಪುತ್ತೂರು
28–7–1958

ಪ್ರೀತಿಯ ಅಜ್ಜಿ,

ಅದು ಎಣ್ಣೆ ಹೊಯ್ಯುವುದಕ್ಕೆ ಅಲ್ಲ. ನಿಮಗೆ ಬೇಡವಾದರೆ ಬೇಡ ಎಂದೇ ಬರೆಸಬಹುದಿತ್ತು. ಸಿಸ್ಟರ್ “ನಿನ್ನ ಅಜ್ಜಿ ಎಂತ ಹೇಳಿದ್ರು?” ಎಂದು ಕೇಳಿದರು. ಎಣ್ಣೆಯ ವಿಷಯ ಹೇಳಬೇಕಾಯಿತು. ಅವರು ನಕ್ಕರು, ಅಷ್ಟೆ. ಆ ನಗು ನನ್ನನ್ನು ಇಡೀ ದಿವಸ ಚುಚ್ಚಿತು.

ನಿಮ್ಮ ಕೈಗುಣ ನನಗೆ ಗೊತ್ತಿಲ್ಲವಾ? ನನ್ನನ್ನು ಹೊರಗೆ ತಂದದ್ದೂ ನಿಮ್ಮ ಕೈಯೇ. ಆದರೆ ಕೈಗೆ ಬಡಿತ ಕೇಳುವುದಿಲ್ಲ ಅಜ್ಜಿ. ಇಲ್ಲಿ ಹೆರಿಗೆಯ ನೋವು ಶುರುವಾದ ಮೇಲೆ ಅರ್ಧ ಗಂಟೆಗೊಮ್ಮೆ ಕೇಳಿ ಕಾಗದದಲ್ಲಿ ಬರೆಯುತ್ತೇವೆ. ನಾನು ದಿನಕ್ಕೆ ಆರು ಜನರದ್ದು ಬರೆಯುತ್ತೇನೆ. ಎಲ್ಲರದ್ದೂ 140. ಒಂದು ಸಲವೂ ತಪ್ಪಿಲ್ಲ.

ಒಮ್ಮೆ ಅತ್ತಿಗೆಯ ಹೊಟ್ಟೆಯ ಮೇಲೆ ಇಟ್ಟು ನೋಡಿ. ನನಗೋಸ್ಕರ.

ಕುಮುದಿನಿ


ಪುತ್ತೂರು
7–9–1958

ಅಜ್ಜಿ,

ಒಂದು ತಿಂಗಳು ದಾಟಿತು, ನಿಮ್ಮ ಕಾಗದವಿಲ್ಲ. ಗುತ್ತಿಗಾರಿನ ಬಸ್ಸು ಬರುವ ಹೊತ್ತಿಗೆ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲುತ್ತೇನೆ, ಯಾರಾದರೂ ಗುರುತಿನವರು ಇಳಿಯುತ್ತಾರಾ ಎಂದು. ಸಿಟ್ಟಾಗಿದ್ದರೆ ಸಿಟ್ಟೆಂದೇ ಬರೆಸಿ. ಹೋದ ಪತ್ರದಲ್ಲಿ ನಾನು ದೊಡ್ಡವಳ ಹಾಗೆ ಮಾತಾಡಿದೆ. ಕೊಳವೆಯನ್ನು ಒಲೆಗೆ ಹಾಕಿದ್ದರೂ ಚಿಂತೆಯಿಲ್ಲ.

ಕುಮುದಿನಿ


ಗುತ್ತಿಗಾರು
15–9–1958

ಪ್ರೀತಿಯ ಕುಮುದಾ,

ಅಕ್ಷರ ನೋಡಿ ಗಾಬರಿಯಾಗಬೇಡ, ಇದು ನಾನು, ನಿನ್ನ ಸುಂದರಿ ಅತ್ತಿಗೆ. ಮಾಸ್ತರರು ಒಂದು ತಿಂಗಳ ತರಬೇತಿಗೆ ಹೋಗಿದ್ದಾರೆ. ಅದಕ್ಕೆ ನನ್ನ ಎಂಟನೇ ಕ್ಲಾಸಿನ ಅಕ್ಷರಕ್ಕೆ ಯೋಗ ಬಂತು. ಅಜ್ಜಿ ಎದುರು ಕೂತು ಹೇಳುತ್ತಿದ್ದಾರೆ:

“ನನಗೆ ಸಿಟ್ಟು ಎಂತದ್ದೂ ಇಲ್ಲ ಅಂತ ಬರಿ. ಮೊಣಕಾಲು ನೋವು, ಎಲ್ಲಿಗೂ ಹೋಗುದಿಲ್ಲ ಅಂತ ಬರಿ. ಹೆರಿಗೆಗೆ ಸುಂದರಿಯನ್ನು ಪುತ್ತೂರಿಗೆ ಕರಕೊಂಡು ಹೋದರೆ ಅಲ್ಲಿ ಮಂಚ ಸಿಕ್ಕುತ್ತದಾ ಕೇಳಿ ಬರಿಲಿ. ಆಯಿತು.”

ಅಜ್ಜಿ ಎದ್ದು ದನದ ಹತ್ತಿರ ಹೋದರು. ಇನ್ನು ಬರೆಯುವುದು ನಾನು.

ಕುಮುದಾ, ಮೊಣಕಾಲು ನೋವು ಸುಳ್ಳು. ನಿನ್ನೆ ಗುಡ್ಡೆ ಹತ್ತಿ ಸೊಪ್ಪು ತಂದಿದ್ದಾರೆ. ಎರಡು ತಿಂಗಳಿಂದ ಅವರು ಒಂದೇ ಒಂದು ಹೆರಿಗೆಗೆ ಹೋಗಿಲ್ಲ. ಸೀತುವಿನ ಮನೆಯವರು ಕರೆಯಲು ಬಂದಾಗ ಕಂಬಳಿ ಹೊದ್ದು ಮಲಗಿಬಿಟ್ಟರು. ಅವರು ಹೇಗೋ ಒಂದು ಜೀಪು ಮಾಡಿ ಕಡಬದ ಕಡೆ ಹೊರಟರು, ದಾರಿಯಲ್ಲೇ ಹೆತ್ತಳು. ಪುಣ್ಯಕ್ಕೆ ತಾಯಿ ಮಗು ಇಬ್ಬರೂ ಉಳಿದರು. ಅದನ್ನು ಕೇಳಿ ಅಜ್ಜಿ ಎರಡು ದಿವಸ ಊಟ ಬಿಟ್ಟರು.

ನೀನು ಕಳಿಸಿದ್ದಕ್ಕೆ ಎಣ್ಣೆ ಮುಟ್ಟಿಸಿಲ್ಲ. ಅದು ದೇವರ ಪೆಟ್ಟಿಗೆಯಲ್ಲಿ ರೇಷ್ಮೆ ವಸ್ತ್ರ ಸುತ್ತಿ ಉಂಟು. ಬಂದ ದಿನವೇ ನನ್ನ ಹೊಟ್ಟೆಯ ಮೇಲೆ ಇಟ್ಟು ನೋಡಿದರು. ಒಂದು ವಾರ ಬಿಟ್ಟು ಮತ್ತೆ. ನಿನ್ನ ಎರಡನೇ ಪತ್ರ ಬಂದ ಮೇಲೆ ಮೂರನೇ ಸಲ. ಆ ದಿವಸ ಕೊಳವೆ ಕೆಳಗಿಟ್ಟು ಗೋಡೆಗೆ ಒರಗಿ ಕೂತರು. ಕಣ್ಣಲ್ಲಿ ನೀರು. “ಎಂತ ಅಜ್ಜಿ, ಮಗು?” ಅಂತ ಕೇಳಿದೆ. “ಮಗು ಒದೀತಾ ಉಂಟಲ್ಲ ಮಾರಾಯ್ತಿ, ಅದಕ್ಕೆ ಎಂತ ಧಾಡಿ! ನನ್ನ ಕಿವಿ ಹೋಗಿದೆ. ಆ ಹುಡುಗಿಗೆ ಕೇಳುದು ನನಗೆ ಕೇಳುದಿಲ್ಲ. ಹುಟ್ಟಿದ ಮಗುವಿನ ಮೊದಲ ಉಸಿರು ಕೇಳದವಳು ಹೆರಿಗೆಗೆ ಹೋಗಲಿಕ್ಕಾಗದು. ಯಾರಿಗೂ ಹೇಳಬೇಡ” ಅಂದರು.

ಯಾರಿಗೂ ಹೇಳಿಲ್ಲ, ನಿನಗೆ ಬರೆಯುತ್ತಿದ್ದೇನೆ. ಆದರೆ ಕುಮುದಾ, ಇದು ಎಂಥ ಕಿವುಡು? ನಾನು ಅಟ್ಟದ ಮೇಲೆ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದರೆ ಕೊಟ್ಟಿಗೆಯಿಂದ ಕೂಗುತ್ತಾರೆ, “ಸಾಕು ಸುಂದರಿ, ಮಗುವಿಗೆ ಹುಳ ಆಗ್ತದೆ!”

ನನಗೆ ಭಯ. ತವರಿನಲ್ಲಿ ತಾಯಿಯಿಲ್ಲ. ಪುತ್ತೂರಿಗೆ ಬರಬೇಕಾದರೆ ಹೊಳೆ ದಾಟಬೇಕು, ಆ ಬಸ್ಸಿನ ಕುಲುಕಾಟ ಬೇರೆ. ಅಜ್ಜಿಯ ಕೈ ಇದೆಯೆಂಬ ಒಂದೇ ಧೈರ್ಯದಲ್ಲಿ ಇದ್ದೆ. ಎಂತ ಮಾಡುದು, ಹೇಳು.

ಸುಂದರಿ


ಪುತ್ತೂರು
19–9–1958

ಪ್ರೀತಿಯ ಅತ್ತಿಗೆ,

ಇದನ್ನು ಅಜ್ಜಿಗೆ ಮನೆಯೊಳಗೆ ಓದಿ ಹೇಳಿ, ಬೇರೆ ಯಾರೂ ಇಲ್ಲದಾಗ.

ಅಜ್ಜಿ, ನಿಮ್ಮ ಕಿವಿಗೆ ಎಂತದೂ ಆಗಿಲ್ಲ. ತಪ್ಪು ನನ್ನದು. ನೀವು ಕೊಳವೆಯನ್ನು ಸೀರೆಯ ಮೇಲೆಯೇ ಇಟ್ಟಿರಲ್ಲವಾ? ಜಾರದ ಹಾಗೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದಿರಲ್ಲವಾ? ಬಸುರಿಯ ಹೊಟ್ಟೆಯಿಂದ ಬಟ್ಟೆ ಸರಿಸಬಾರದು, ಕಣ್ಣು ತಾಗುತ್ತದೆ ಎಂದು ನೀವು ಹೇಳುವುದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೆ ಕೊಳವೆಯನ್ನು ಬರಿ ಚರ್ಮದ ಮೇಲೆ ಇಡಬೇಕು. ಇಟ್ಟ ಮೇಲೆ ಕೈ ಬಿಡಬೇಕು, ಕಿವಿಯ ಭಾರದಲ್ಲೇ ಅದು ನಿಲ್ಲಬೇಕು. ಇಲ್ಲದಿದ್ದರೆ ಕೇಳುವುದು ಬಟ್ಟೆ ಉಜ್ಜುವ ಸದ್ದು, ಬೆರಳಿನ ಸದ್ದು. ಬಡಿತ ಕೇಳುವುದಿಲ್ಲ. ಯಾರಿಗೂ ಕೇಳುವುದಿಲ್ಲ.

ಇದು ನನಗೆ ಗೊತ್ತಿತ್ತು. ಮೊದಲ ಪತ್ರದಲ್ಲಿ ಬರೆದೂ ಇದ್ದೆ. ಬರೆದ ಮೇಲೆ, ‘ಬಟ್ಟೆ ಸರಿಸಿ ಬರಿ ಹೊಟ್ಟೆಯ ಮೇಲೆ’ ಎಂದು ಮಾಸ್ತರರು ಜಗಲಿಯಲ್ಲಿ ಗಟ್ಟಿಯಾಗಿ ಓದುವುದು ಕಣ್ಣಿಗೆ ಕಟ್ಟಿತು. ನಾಚಿಕೆಯಾಯಿತು. ಆ ಎರಡು ಸಾಲು ಬಿಟ್ಟು ಪತ್ರವನ್ನು ಹೊಸದಾಗಿ ಬರೆದೆ. ಬಹಳ ಸುಲಭ ಎಂದೂ ಸೇರಿಸಿದೆ. ಸೀತು ದಾರಿಯಲ್ಲಿ ಹೆತ್ತದ್ದು ನಾನು ಬಿಟ್ಟ ಆ ಎರಡು ಸಾಲಿನಿಂದ.

ನೀವು ಕೊಳವೆಯನ್ನು ತಾತ್ಸಾರ ಮಾಡಿದಿರಿ ಎಂದು ನಾನು ಎರಡು ತಿಂಗಳು ಮುಖ ಊದಿಸಿಕೊಂಡಿದ್ದೆ. ನೀವು ನಿಮ್ಮ ಕಿವಿಗಿಂತ ಹೆಚ್ಚು ಅದನ್ನೇ ನಂಬಿದ್ದಿರಿ.

ಇನ್ನೊಂದು ಉಂಟು. ಇದನ್ನು ಸಿಸ್ಟರಿಗೂ ಹೇಳಿಲ್ಲ. ನನಗೂ ಬಡಿತ ಕೇಳುವುದಿಲ್ಲ ಅಜ್ಜಿ. ಒಮ್ಮೆಯೂ ಕೇಳಿಲ್ಲ. ಬರಿ ಚರ್ಮದ ಮೇಲೆ ಇಟ್ಟು, ಕೈ ಬಿಟ್ಟು, ಉಸಿರು ಹಿಡಿದರೂ ಕೇಳುವುದಿಲ್ಲ. ಹೆಂಗಸರ ಹೊಟ್ಟೆ ನೋಡಲು ನಾಚಿಕೆಯಾಗಿ ಕಣ್ಣು ಬೇರೆ ಕಡೆ ಮಾಡಿ ಹೊಕ್ಕುಳಿನ ಹತ್ತಿರ ಎಲ್ಲಿಯೋ ಇಡುತ್ತೇನೆ. ಸಿಸ್ಟರ್ ಗಡಿಯಾರ ಹಿಡಿದು ನಿಂತಿರುತ್ತಾರೆ. “ಎಷ್ಟು?” ಎನ್ನುತ್ತಾರೆ. “ಹಂಡ್ರೆಡ್ ಆ್ಯಂಡ್ ಫಾರ್ಟಿ” ಎನ್ನುತ್ತೇನೆ. ಅವರು ಮತ್ತೊಮ್ಮೆ ಕೇಳಿ ನೋಡುತ್ತಾರೆ, ಸಂಖ್ಯೆ ಸ್ವಲ್ಪ ಆಚೀಚೆಯಾದರೆ ಬಿಡುತ್ತಾರೆ, ಹಾಗಾಗಿ ಈವರೆಗೆ ಯಾರಿಗೂ ಕೇಡಾಗಿಲ್ಲ. ಮುಂದಿನ ತಿಂಗಳಿಂದ ಅವರು ಹಿಂದೆ ನಿಲ್ಲುವುದಿಲ್ಲ. ಆಗ ಒಂದು ಮಗುವಿನ ಬಡಿತ ನಿಧಾನವಾದರೆ, ಅಜ್ಜಿ, ನಾನು ಅದಕ್ಕೂ 140 ಎಂದೇ ಬರೆಯುತ್ತೇನೆ.

ನೀವಾದರೂ ಹೇಳಿ, ಎಲ್ಲಿ ಇಡಬೇಕು? ಪುಸ್ತಕದಲ್ಲಿ ಚಿತ್ರ ಉಂಟು. ಹೊಟ್ಟೆಯ ಮೇಲೆ ಚಿತ್ರ ಇರುವುದಿಲ್ಲವಲ್ಲ.

ಕುಮುದಿನಿ


ಗುತ್ತಿಗಾರು
27–9–1958

ಕುಮುದಾ,

ಅಜ್ಜಿ ಹೇಳಿದ್ದರಲ್ಲಿ ಒಂದಕ್ಷರ ಬದಲಿಸಬಾರದೆಂದು ಅಪ್ಪಣೆಯಾಗಿದೆ. ಹಾಗೇ ಬರೆಯುತ್ತೇನೆ.

“ಕುಮುದಾ, ನೀನು ದೊಡ್ಡ ಪೆದ್ದು. ಆ ಮಾಸ್ತರ ಹುಟ್ಟಿದ್ದೂ ನನ್ನ ಕೈಯಲ್ಲೇ. ಅವನ ಎದುರು ನಿನಗೆ ಎಂತ ನಾಚಿಕೆ?

ನಿನ್ನ ಪತ್ರ ಓದಿದ ಮೇಲೆ ಬಾಗಿಲು ಹಾಕಿದೆವು. ಬಟ್ಟೆ ಸರಿಸಲು ನನಗೆ ಮನಸ್ಸಾಗಲಿಲ್ಲ. ನಲವತ್ತು ವರ್ಷ ಯಾರದ್ದೂ ಸರಿಸಿದವಳಲ್ಲ. ಆಮೇಲೆ ಒಂದು ಉಪಾಯ ಹೊಳೆಯಿತು. ಒಂದು ದೊಡ್ಡ ವಸ್ತ್ರ ಸುಂದರಿಗೆ ಹೊದಿಸಿ, ಅದರ ಅಡಿಯಲ್ಲೇ ಸೀರೆ ಸರಿಸಿ, ನಾನೇ ಒಳಗೆ ತಲೆ ಹಾಕಿದೆ. ಕಣ್ಣು ಬೀಳುವುದಿಲ್ಲ, ಬಟ್ಟೆ ಅಡ್ಡ ಬರುವುದಿಲ್ಲ. ಈ ಹುಡುಗಿ ಕಚಗುಳಿ ಆಗ್ತದೆ ಅಂತ ನಕ್ಕು ನಕ್ಕು ಹೊಟ್ಟೆ ಕುಣಿಸಿದಳು. ಬೈದು ಸುಮ್ಮನಾಗಿಸಿದೆ. ಕೈ ಬಿಟ್ಟೆ.

ಕೇಳಿತು ಮಗಾ. ಅವಲಕ್ಕಿ ಕುಟ್ಟುವಾಗ ನೆರೆಮನೆಯಿಂದ ಕೇಳ್ತದಲ್ಲ, ಹಾಗೆ. ಇಷ್ಟು ವರ್ಷ ಬಟ್ಟೆಯ ಮೇಲೆ ಕಿವಿ ಇಟ್ಟು ‘ಸರಿ ಉಂಟು’ ಅಂತ ಹೇಳ್ತಾ ಬಂದೆ. ಕೇಳಿ ಹೇಳಿದ್ದಲ್ಲ, ಕೈಗೆ ಗೊತ್ತಾದ್ದನ್ನು ಹೇಳಿದ್ದು. ನಿಜವಾಗಿ ಕೇಳಿದ್ದು ಇದೇ ಮೊದಲು. ಆಸ್ಪತ್ರೆಯ ಸಾಮಾನು ಸುಳ್ಳು ಹೇಳುದಿಲ್ಲ, ಹಾಗಾದರೆ ಸುಳ್ಳು ನನ್ನ ಕಿವಿಯದ್ದೇ ಅಂತ ಎಣಿಸಿಬಿಟ್ಟೆ. ನಾನೂ ಪೆದ್ದೇ.

ಈಗ ನಿನ್ನದು. ಹೊಕ್ಕುಳಿನ ಹತ್ತಿರ ಎಲ್ಲಿಯೋ ಇಟ್ಟರೆ ಎಂತ ಕೇಳ್ತದೆ, ತಾಯಿಯ ಹಸಿವು ಕೇಳ್ತದೆ. ಮೊದಲು ಕೈ ಇಡು. ಎರಡು ಕೈ, ಎರಡು ಬದಿಗೆ. ನಿನ್ನ ಕೈ ತಣ್ಣಗಿದ್ದರೆ ಮೊದಲು ಉಜ್ಜಿ ಬಿಸಿ ಮಾಡಿಕೋ. ಒಂದು ಬದಿಯಲ್ಲಿ ಗಂಟು ಗಂಟು ಸಿಕ್ಕುತ್ತದೆ, ಅದು ಕೈಕಾಲು. ಇನ್ನೊಂದು ಬದಿ ಮೊರದ ಬೆನ್ನಿನ ಹಾಗೆ ನೀಟ, ಅದು ಮಗುವಿನ ಬೆನ್ನು. ತಲೆ ಕೆಳಗೆ ಉಂಟಾ ನೋಡು. ತಲೆ ಕೆಳಗಿದ್ದರೆ ಬೆನ್ನಿನ ಬದಿಗೇ, ಹೊಕ್ಕುಳಿಂದ ಕೆಳಗೆ ಕೊಳವೆ ಇಡು. ನಾಚಿಕೆಪಟ್ಟು ಆಚೆ ನೋಡಬೇಡ. ಬೇಕಾದರೆ ಕಣ್ಣು ಮುಚ್ಚಿಕೋ, ಕೈಗೆ ಕಾಣ್ತದೆ.

ನನ್ನ ಹತ್ತಿರ ಗಡಿಯಾರ ಇಲ್ಲ, ನೂರನಲವತ್ತು ಎಣಿಸಲು ಬರುದಿಲ್ಲ. ನನ್ನ ಕೈಯ ನಾಡಿ ಹಿಡಿದುಕೊಂಡೆ. ನನ್ನದೊಂದು ಹೊಡೆಯುವಾಗ ಅದರದ್ದು ಎರಡು. ನನಗೆ ಆ ಲೆಕ್ಕ ಸಾಕು.

ಪುತ್ತೂರಿನ ಮಂಚ ಬೇಡ. ಸುಂದರಿಯದ್ದು ನಾನೇ ಮಾಡಿಸ್ತೇನೆ. ಆದರೆ ಆ ಸಿಸ್ಟರಿಗೆ ಸುಳ್ಳು ಬರೆದದ್ದನ್ನು ಹೇಳು. ಹೇಳದೆ ನನಗೆ ಕಾಗದ ಹಾಕಬೇಡ.”

ಅಜ್ಜಿ ಎದ್ದು ಹೋದರು. ಕುಕ್ಕಪ್ಪಣ್ಣನ ಮಗಳಿಗೆ ದಿನ ತುಂಬಿದೆ, ನಾಳೆ ಬಂದು ನೋಡಲು ಕರೆದಿದ್ದಾರೆ. ಮೊಣಕಾಲು ನೋವು ವಾಸಿಯಾಗಿದೆ.

ಸುಂದರಿ


ಪುತ್ತೂರು
12–10–1958

ಅಜ್ಜಿ,

ಹೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ.

ತರಬೇತಿಯಿಂದ ತೆಗೆದು ಮನೆಗೆ ಕಳಿಸುತ್ತಾರೆಂದು ಟ್ರಂಕು ಕಟ್ಟಿಟ್ಟೇ ಹೋದೆ. ಸಿಸ್ಟರ್ ಎದ್ದು ಕಪಾಟು ತೆರೆದರು. ಆಮೇಲೆ ಮೂರು ತಿಂಗಳ ಕಾಗದಗಳನ್ನೆಲ್ಲ ತಂದು ಮೇಜಿನ ಮೇಲೆ ಹಾಕಿ, ಕೆಂಪು ಶಾಯಿ ಕೊಟ್ಟರು. ನಾನು ಬರೆದ ಪ್ರತಿಯೊಂದು 140ನ್ನೂ ಹೊಡೆದು ‘ಕೇಳಲಿಲ್ಲ’ ಎಂದು ಬರೆಯಬೇಕು. ಎರಡು ದಿವಸ ಹಿಡಿಯಿತು. ಬೆರಳೆಲ್ಲ ಕೆಂಪು. ಮುಗಿದ ಮೇಲೆ “ಬಾ” ಎಂದು ವಾರ್ಡಿಗೆ ಕರೆದುಕೊಂಡು ಹೋದರು.

ಈಶ್ವರಮಂಗಲದ ಝೈನಬ ಎಂಬ ಹೆಂಗಸು, ನಾಲ್ಕನೆಯ ಹೆರಿಗೆ. ನಾನು ಕೈ ಉಜ್ಜಿ ಬಿಸಿ ಮಾಡುವುದನ್ನು ನೋಡಿ, “ಎಂತ ಅಮ್ಮ, ಚಳಿಯಾ?” ಎಂದು ಕೇಳಿದಳು. ಎರಡು ಕೈ ಇಟ್ಟೆ. ಎಡಗೈಗೆ ಗಂಟುಗಳು. ಬಲಗೈಗೆ ಮೊರದ ಬೆನ್ನು! ನನಗೆ ಅಲ್ಲಿಯೇ ಕೂಗಬೇಕೆನಿಸಿತು. ಕೊಳವೆ ಇಟ್ಟು ಕಣ್ಣು ಮುಚ್ಚಿದೆ, ಕೈ ಬಿಟ್ಟೆ. ಮೊದಲು ಎಂತದೂ ಇಲ್ಲ. ಆಮೇಲೆ ದೂರದಿಂದ ಬಂತು.

ನಾನು ತಲೆ ಎತ್ತಲೇ ಇಲ್ಲ. ಝೈನಬ, “ಸಾಕು ಮಾರಾಯ್ತಿ, ಅದ್ರಲ್ಲಿ ಎಂತ ಸಿಲೋನ್ ರೇಡಿಯೋ ಬರ್ತದಾ?” ಎಂದಾಗ ವಾರ್ಡೆಲ್ಲ ನಕ್ಕಿತು. ಸಿಸ್ಟರ್ “ಎಷ್ಟು?” ಎಂದರು. “136” ಎಂದೆ. ಅವರೂ ಕೇಳಿದರು. “136” ಎಂದು ಅವರ ಕೈಯಾರೆ ಬರೆದರು.

ಟ್ರಂಕು ಬಿಚ್ಚಿದೆ. ಅತ್ತಿಗೆಯ ದಿನ ಹತ್ತಿರ ಬಂತು. ಸುದ್ದಿಗೆ ಕಾಯುತ್ತಿದ್ದೇನೆ.

ಕುಮುದಿನಿ


ಗುತ್ತಿಗಾರು
24–10–1958

ಚಿ. ಕುಮುದಿನಿಗೆ ತೀರ್ಥರಾಮ ಮಾಸ್ತರನ ಆಶೀರ್ವಾದಗಳು.

ಮೊದಲು ವಿಷಯ: ನಿನ್ನೆ ಮಧ್ಯಾಹ್ನ ಸುಂದರಿಗೆ ಹೆಣ್ಣು ಮಗು. ಇಬ್ಬರೂ ಕ್ಷೇಮ. ಇನ್ನು ನಿಧಾನವಾಗಿ ಓದು.

ಚನಿಯಪ್ಪ ಊರಲ್ಲಿಲ್ಲದ್ದರಿಂದ ಬೆಳಗ್ಗೆಯೇ ನನ್ನನ್ನು ಕರೆಸಿದ್ದರು, ಅಗತ್ಯಬಿದ್ದರೆ ಜೀಪಿಗೆ ಓಡಲು. ನಾನು ಜಗಲಿಯಲ್ಲಿದ್ದೆ. ಒಳಗಿನದ್ದು ನಾನು ಕಂಡದ್ದಲ್ಲ. ಈಗ ದುಗ್ಗಮ್ಮಜ್ಜಿ ಎದುರು ಕೂತು ಹೇಳುತ್ತಿದ್ದಾರೆ. ಕೆಲವು ಶಬ್ದಗಳನ್ನು ಬರೆಯಲು ನಾನು ಹಿಂದೆ ಮುಂದೆ ನೋಡಿದ್ದಕ್ಕೆ, “ನೀನು ಆಕಾಶದಿಂದ ಬಿದ್ದದ್ದಾ? ಬರಿ!” ಎಂದಿದ್ದಾರೆ. ಬರೆಯುತ್ತೇನೆ.

“ಬೆಳಗ್ಗಿಂದ ನೋವು ಸರಿಯಾಗಿಯೇ ಬರುತ್ತಿತ್ತು. ಗಂಜಿ ಬೇಯುವಷ್ಟು ಹೊತ್ತಿಗೊಮ್ಮೆ ವಸ್ತ್ರದ ಒಳಗೆ ತಲೆ ಹಾಕಿ ಕೇಳಿದೆ. ಕೇಳಿದ ಪ್ರತಿ ಸಲ ಗೋಡೆಗೆ ಸುಣ್ಣದ ಬೊಟ್ಟು ಇಟ್ಟೆ, ನಿಮ್ಮ ಕಾಗದದ ಹಾಗೆ. ಏಳು ಬೊಟ್ಟು ಆಗುವವರೆಗೂ ನನ್ನದೊಂದು, ಅದರದ್ದು ಎರಡು.

ಎಂಟನೆಯದಕ್ಕೆ ಬಡಿತ ಇಳಿದಿತ್ತು, ನೋವು ಹೋದ ಮೇಲೂ ಏಳಲಿಲ್ಲ. ನನ್ನದೊಂದು, ಅದರದ್ದೂ ಒಂದೇ. ಕೈಗೆ ಎಲ್ಲ ಸರಿಯಾಗಿತ್ತು ಕುಮುದಾ. ತಲೆ ಸರಿ, ನೋವು ಸರಿ. ಮೊದಲಾದರೆ ‘ಇನ್ನೇನು ಆಯಿತು’ ಅಂತ ಎಲೆ ಅಡಿಕೆ ಹಾಕುತ್ತಿದ್ದೆ. ಈ ಸಲ ಎಲೆ ಸಂಚಿ ಮುಟ್ಟಲಿಲ್ಲ. ಸುಂದರಿಗೆ ಹೇಳಲಿಲ್ಲ. ‘ಸ್ವಲ್ಪ ಎಡಕ್ಕೆ ತಿರುಗು ಮಗಾ’ ಅಂತ ಮಾತ್ರ ಹೇಳಿ ಮಗ್ಗುಲು ಹೊರಳಿಸಿದೆ. ಮಾಸ್ತರನಿಗೆ ‘ಜೀಪಿಗೆ ಹೋಗು’ ಅಂತ ಕೂಗಿದೆ. ಮತ್ತೆ ಕಿವಿ ಇಟ್ಟೆ. ಒಂದಕ್ಕೊಂದು. ಒಂದಕ್ಕೊಂದು. ಆಮೇಲೆ ಅದು ಮೆಲ್ಲ ಮುಂದೆ ಹೋಯಿತು, ನನ್ನದು ಹಿಂದೆ ಉಳಿಯಿತು. ಕೊನೆಗೆ ಒಂದಕ್ಕೆ ಎರಡು ಬಂತು.

ಸುಂದರಿಯನ್ನು ಮತ್ತೆ ಅಂಗಾತ ಮಲಗಿಸಲಿಲ್ಲ. ಹಾಗೆ ಮಗ್ಗುಲಲ್ಲೇ ಹೆತ್ತಳು. ಕುತ್ತಿಗೆಗೆ ಹೊಕ್ಕುಳ ಹುರಿ ಒಂದು ಸುತ್ತು ಬಿದ್ದಿತ್ತು. ಬೆರಳು ಹಾಕಿ ತಲೆಯ ಮೇಲಿಂದ ತೆಗೆದೆ. ಮೊದಲ ಉಸಿರು ನನಗೇ ಕೇಳಿತು, ಅಳುವುದಕ್ಕಿಂತ ಮೊದಲು.”

ನಾನು ಜೀಪು ತರುವಷ್ಟರಲ್ಲಿ ಮಗು ಅಳುತ್ತಿತ್ತು. ಡ್ರೈವರನಿಗೆ ಕಾಫಿ ಕೊಟ್ಟು ಕಳುಹಿಸಿದೆವು.

ತೀರ್ಥರಾಮ

(ಅಜ್ಜಿ ಹೇಳಲು ಮರೆತದ್ದು: ಈ ಗೋಡೆಯ ಬೊಟ್ಟುಗಳನ್ನು ಒರೆಸಲು ಯಾರಿಗೂ ಅಪ್ಪಣೆಯಿಲ್ಲ.)


ಪುತ್ತೂರು
28–10–1958

ಪ್ರೀತಿಯ ಅಜ್ಜಿ,

‘ಇಬ್ಬರೂ ಕ್ಷೇಮ’ ಎಂದು ಮೊದಲೇ ಬರೆದ ಮಾಸ್ತರರಿಗೆ ನನ್ನ ನಮಸ್ಕಾರ ಹೇಳಿ. ಅದಿಲ್ಲದಿದ್ದರೆ ಎಂಟನೇ ಬೊಟ್ಟಿನಲ್ಲಿ ನನ್ನ ಪ್ರಾಣ ಹೋಗುತ್ತಿತ್ತು. ಆದರೂ ಗೇಟಿನ ಹತ್ತಿರ ನಿಂತು ಓದಿ, ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಕಾವಲಿನ ಸಂಕಪ್ಪಣ್ಣ “ಎಂತ ಕುಮುದಮ್ಮ, ಕೆಟ್ಟ ಸುದ್ದಿಯಾ?” ಎಂದರು. ಅಳುತ್ತಲೇ “ಒಳ್ಳೆಯದು, ಒಳ್ಳೆಯದು” ಎಂದೆ. ಅವರಿಗೆ ನಂಬಿಕೆ ಬರಲಿಲ್ಲ.

ಪತ್ರವನ್ನು ಸಿಸ್ಟರಿಗೆ ಓದಿ ಹೇಳಿದೆ. ಎಡಕ್ಕೆ ಹೊರಳಿಸಲು ನಿಮಗೆ ಯಾರು ಕಲಿಸಿದರು ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅವರು “ಹಳಬರಿಗೆ ಹೊಸ ಸಾಮಾನು ಕಂಡರೆ ಸಿಟ್ಟು ಅಂತ ನಾನು ಹೇಳಿದ್ದೆನಲ್ಲ, ಅದನ್ನೂ ಕೆಂಪು ಶಾಯಿಯಲ್ಲಿ ಹೊಡೆದು ಹಾಕು” ಎಂದರು. ಅವರು ತಮಾಷೆ ಮಾಡಿದ್ದನ್ನು ನಾನು ಕಂಡದ್ದು ಇದೇ ಮೊದಲು.

ಆಮೇಲೆ ಇನ್ನೊಂದು ಹೇಳಿದರು. ನಮ್ಮ ಕ್ಲಾಸಿನ ಹನ್ನೊಂದು ಜನರಲ್ಲಿ ಇನ್ನೂ ನಾಲ್ವರಿಗೆ ಬಡಿತ ಕೇಳುವುದಿಲ್ಲವಂತೆ. ನಾನು ಒಪ್ಪಿಕೊಂಡ ಮೇಲೆ ಒಬ್ಬೊಬ್ಬರಾಗಿ ಬಂದು ಹೇಳಿದ್ದಾರೆ. ಅತ್ತಿಗೆಯ ಬಾಣಂತನ ಮುಗಿದ ಮೇಲೆ ನೀವು ಒಂದು ದಿವಸ ಇಲ್ಲಿಗೆ ಬಂದು ಕೈ ಇಟ್ಟು ತೋರಿಸಬೇಕಂತೆ. ಗಂಟು ಯಾವುದು, ಮೊರದ ಬೆನ್ನು ಯಾವುದು ಎಂದು. ಬರುವಾಗ ಆ ದೊಡ್ಡ ವಸ್ತ್ರವನ್ನೂ ತರಬೇಕಂತೆ. ಬಟ್ಟೆ ಸರಿಸಲು ಒಪ್ಪದ ಹೆಂಗಸರು ಇಲ್ಲಿಯೂ ಇದ್ದಾರೆ, ಅವರ ಹತ್ತಿರ ನಾವು ಈವರೆಗೆ ಜಗಳವನ್ನೇ ಮಾಡುತ್ತಿದ್ದೆವು. ಬಸ್ಸಿನಿಂದ ಇಳಿಸಿಕೊಳ್ಳಲು ನಾನೇ ಬರುತ್ತೇನೆ.

ಈ ಪತ್ರವನ್ನು ಮಾಸ್ತರರು ಜಗಲಿಯಲ್ಲೇ ಓದಲಿ, ಕೂತವರೆಲ್ಲ ಕೇಳಲಿ. ಬರಿ ಹೊಟ್ಟೆಯ ಮೇಲೆ, ಬಟ್ಟೆ ಸರಿಸಿ, ಕೈ ಬಿಟ್ಟು. ಇಗೋ, ಪೂರ್ತಿ ಬರೆದಿದ್ದೇನೆ.

ಬರುತ್ತೀರಾ, ಯಾವಾಗ ಬರುತ್ತೀರಿ ಎಂದು ಕೂಡಲೇ ಉತ್ತರ ಬರೆಸಿ.

ಕುಮುದಿನಿ